ದಿಲ್ಲಿಯಲ್ಲಿ ಹೂಂ ಅಂದದ್ದು

ನಮ್ಮ ಕಡೆ ಒಬ್ಬರು ಮಾತಾಡುತ್ತಿದ್ದರೆ ಎದುರಿಗೆ ಕೂತವರು ಹೂಂ ಅನ್ನಬೇಕು. ಕಥೆಯಾಗಲಿ, ಪಂಚಾಯ್ತಿಯಾಗಲಿ, ಸೊಸೆಯ ಮೇಲಿನ ದೂರಾಗಲಿ, ನಡುನಡುವೆ ಹೂಂ, ಹೌದು, ಮುಂದ ಅಂತ ಒಬ್ಬರಾದರೂ ಅನ್ನದಿದ್ದರೆ ಆಡುವವರ ಮಾತು ಬಾಯಲ್ಲೇ ಒಣಗಿಹೋಗುತ್ತದೆ. ನಮ್ಮ ಅತ್ತೆ ಹೂಂ ನಿಂತ ಕೂಡಲೇ ಕಥೆ ಬಿಟ್ಟು ಮಗ್ಗಲಾಗಿ ಮಲಗಿಬಿಡುತ್ತಿದ್ದಳು. ಬಾವಿಗೆ ಬಿದ್ದ ರಾಜಕುಮಾರ ಬಾವಿಯಲ್ಲೇ ಉಳಿಯುತ್ತಿದ್ದ.

ನನ್ನ ತವರು ತೆಲಸಂಗದ ಕಡೆ. ಅಲ್ಲಿ ಹೊಲ ದೊಡ್ಡವು, ಮಳೆ ಸಣ್ಣದು, ಜನ ದೂರದೂರ ನಿಂತು ಮಾತಾಡುವವರು. ಹಾಗಾಗಿ ನನ್ನ ಹೂಂ ಸ್ವಲ್ಪ ಜೋರು. ಕೃಷ್ಣೆಯ ದಂಡೆಗೆ ಸೊಸೆಯಾಗಿ ಬಂದ ಹೊಸತರಲ್ಲಿ "ಇಕಿ ಹೂಂ ಅಂದ್ರ ಎಮ್ಮಿ ಬೆದರತಾವ" ಅಂತ ಓಣಿಯ ಹೆಂಗಸರು ನಕ್ಕಿದ್ದರು. ಎಮ್ಮೆ ಬೆದರಿದ್ದನ್ನು ನಾನು ನೋಡಿಲ್ಲ. ದಿಲ್ಲಿಯ ಲೋಕಸಭೆ ಬೆದರಿದ್ದನ್ನು ನೋಡಿದ್ದೇನೆ.

ದಿಲ್ಲಿಗೆ ಹೋಗಲು ಕಾರಣ ಬದನೆಕಾಯಿ.

ನಮ್ಮೂರು ಉಗಾರ ಬುದ್ರುಕದಿಂದ ಸ್ವಲ್ಪ ಆಚೆ, ಹೊಳೆಗೆ ಹತ್ತಿ. ಮೇಲಿನ ಹೊಲವೆಲ್ಲ ಗಂಡಸರ ಕಬ್ಬು. ಹೊಳೆಯ ಕಡೆಗೆ ಇಳಿಜಾರಿನಲ್ಲಿ ಒಂದು ಪಟ್ಟಿ ಇದೆ. ಅಲ್ಲಿ ಬದನೆ, ಮೆಣಸಿನಕಾಯಿ, ಕೊತ್ತಂಬರಿ ನನ್ನದು ಮತ್ತು ನನ್ನ ನೆಗೆಣ್ಣಿಯದು. ನೆಗೆಣ್ಣಿ ಅಂದರೆ ಮೈದುನನ ಹೆಂಡತಿ. ಇಬ್ಬರೂ ಬೆಳಗಿನ ಗಾಡಿಗೆ ಬುಟ್ಟಿ ಹೊತ್ತು ಮಿರಜಕ್ಕೆ ಹೋಗಿ, ಮಾರಿ, ಮಧ್ಯಾಹ್ನದ ಗಾಡಿಗೆ ಬರುತ್ತಿದ್ದೆವು. ಸಣ್ಣ ಹಳಿ ಇದ್ದಾಗ ಗಾಡಿ ನಮ್ಮೂರ ಹೊರಗಿನ ಬೇವಿನ ಗಿಡದ ಹತ್ತಿರ ನಿಲ್ಲುತ್ತಿತ್ತು. ಆಮೇಲೆ ದೊಡ್ಡ ಹಳಿ ಬಂತು, ಗಾಡಿಯೂ ದೊಡ್ಡದಾಯಿತು. ದೊಡ್ಡವರಾದವರು ಸಣ್ಣವರ ಮನೆ ಮುಂದೆ ನಿಲ್ಲುತ್ತಾರೆಯೇ? ಬೇವಿನ ಗಿಡಕ್ಕೆ ಧೂಳು ಹೊಡೆದು ಹೋಗತೊಡಗಿತು. ಕಾಗವಾಡದ ಮೇಲೆ ಹೋಗುವ ಬಸ್ಸಿನ ಕಂಡಕ್ಟರು ನಮ್ಮ ಬುಟ್ಟಿ ಕಂಡರೆ ಸಾಕು, ಡಬಲ್ ಬೆಲ್ ಹೊಡೆಯುತ್ತಿದ್ದ.

ನಮ್ಮನೆಯವರು ಇದನ್ನೇ ಕಾಯುತ್ತಿದ್ದರು. "ಕಾರಹುಣ್ಣಿವಿ ತನಕಾ ನೋಡತೇನಿ. ಗಾಡಿ ನಿಲ್ಲಲಿಲ್ಲಂದ್ರ ಆ ಪಟ್ಟಿಗೂ ಕಬ್ಬ ಹಚ್ಚತೇನಿ" ಎಂದರು.

ಕಬ್ಬಿನ ಬಿಲ್ಲು ಗಂಡಸರ ಹೆಸರಿಗೆ ಬರುತ್ತದೆ. ಬದನೆಕಾಯಿಯ ರೊಕ್ಕ ಹೆಂಗಸರ ಸೊಂಟಕ್ಕೆ ಬರುತ್ತದೆ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವ ಅಗತ್ಯವಿಲ್ಲ. ಆ ಪಟ್ಟಿ ಹೋದರೆ ನಾನು ಒಂದು ಬಳೆಗೂ ಕೈ ಚಾಚಿ ನಿಲ್ಲಬೇಕಿತ್ತು, ನೆಗೆಣ್ಣಿಯೂ ಅಷ್ಟೇ.

ಅದೇ ಚಳಿಗಾಲದಲ್ಲಿ ರಾಯಬಾಗದಲ್ಲಿ ಒಂದು ಮದುವೆ. ನಮ್ಮ ಎಂಪಿ ಸಾಹೇಬರು ಗಂಡಿನ ಕಡೆಯವರ ಸಾಲಿನಲ್ಲಿ ಕೂತು ಹೋಳಿಗೆ ಉಣ್ಣುತ್ತಿದ್ದರು. ನಾನು ತುಪ್ಪದ ಗಿಂಡಿ ಹಿಡಿದು ಬಡಿಸುತ್ತ ಅವರ ಮುಂದೆ ನಿಂತೆ.

"ಸಾಹೇಬ್ರ, ದಿಲ್ಲಿಯೊಳಗ ಬಾಯಿ ತಗೀತೀರೇನ್ರಿ? ಇಲ್ಲಾ ಅಲ್ಲೂ ಬರೇ ಉಣ್ಣಾಕಷ್ಟ ತಗೀತೀರಿ?"

ಸಾಲಿಗೆ ಸಾಲೇ ನಕ್ಕಿತು. ಸಾಹೇಬರು ಒಳ್ಳೆಯವರು, ಅವರೂ ನಕ್ಕರು. "ಯಾಕವ್ವಾ, ಏನಾಗೇತಿ?"

ಗಾಡಿಯ ಕಥೆ ಹೇಳಿದೆ. ಅವರು ತುಪ್ಪಕ್ಕೆ ಸಾಕು ಅಂತ ಕೈ ಅಡ್ಡ ಮಾಡಿ, "ಹೋಳಿ ಹುಣ್ಣಿವಿ ಹೊತ್ತಿಗೆ ರೈಲಿನ ಮ್ಯಾಲ ಚರ್ಚಾ ಐತಿ. ನಿಮ್ಮೂರಿನ ಹೆಸರು ತಗೀತೇನಿ. ನಂಬಿಗಿ ಇಲ್ಲಂದ್ರ ನೀನ ಬಂದು ನೋಡು" ಎಂದರು.

ಬಾಯಿಮಾತಿಗೆ ಅಂದಿದ್ದರು. ಆದರೆ ಅಷ್ಟು ಮಂದಿಯ ಮುಂದೆ ಅಂದಿದ್ದರು. ಅಥಣಿಯ ಬೆಲ್ಲದ ಶಾವಕಾರರು ಅವರ ಪಕ್ಕದಲ್ಲೇ ಇದ್ದರು. ಜೈನರು, ವಯಸ್ಸಾದವರು, ತಮ್ಮ ವ್ಯಾಪಾರಕ್ಕಾಗಿ ಆಗಾಗ ದಿಲ್ಲಿಗೆ ಹೋಗುತ್ತಿದ್ದವರು. "ನಾ ಹೊಂಟೇನಿ, ಕರಕೊಂಡು ಹೋಗತೇನ್ರಿ" ಎಂದುಬಿಟ್ಟರು. ಆಮೇಲೆ ದಾರಿಯುದ್ದಕ್ಕೂ ಆ ಮಾತಿಗೆ ಪಶ್ಚಾತ್ತಾಪ ಪಟ್ಟರು.

ಅವರ ತೊಂದರೆ ಊಟದ್ದು. ಹೊತ್ತು ಮುಳುಗಿದ ಮೇಲೆ ಅವರು ತುತ್ತು ಮುಟ್ಟುವವರಲ್ಲ. ರೈಲಿನ ಕಿಟಕಿಯಲ್ಲಿ ಸೂರ್ಯ ಸ್ವಲ್ಪ ಕೆಳಗಿಳಿದರೆ ಸಾಕು, ಡಬ್ಬಿ ಬಿಚ್ಚುತ್ತಿದ್ದರು. ನೆಗೆಣ್ಣಿಗೆ ತೊಂದರೆಯೇ ಇಲ್ಲ. ಕೂತಲ್ಲಿ ನಿದ್ದೆ, ಎದ್ದಲ್ಲಿ ರೊಟ್ಟಿ.

ಲೋಕಸಭೆಯ ಬಾಗಿಲಲ್ಲಿ ನನ್ನ ಚಂಚಿ ಬಿಚ್ಚಿಸಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ನಿಪ್ಪಾಣಿ ತಂಬಾಕು, ಅಡಕತ್ತರಿ. ಎಲೆಯಡಿಕೆಯ ಚೀಲ ಅಂದ ಮೇಲೆ ಇನ್ನೇನಿರುತ್ತದೆ? ಅಡಕತ್ತರಿಯನ್ನು ಒಬ್ಬ ಪೊಲೀಸ ಎರಡು ಬೆರಳಲ್ಲಿ ಎತ್ತಿ ಇನ್ನೊಬ್ಬನಿಗೆ ತೋರಿಸಿದ. ಅವನು ಮತ್ತೊಬ್ಬನನ್ನು ಕರೆದ. ಶಾವಕಾರರು ಹಿಂದಿಯಲ್ಲಿ ಅಡಿಕೆ ಕತ್ತರಿಸುವ ಬಗೆಯನ್ನು ಕೈಯಲ್ಲಿ ಮಾಡಿ ತೋರಿಸಿದರು. ಆದರೂ ಚಂಚಿ ಅಲ್ಲೇ ಉಳಿಯಿತು. ಮಾತಾಡುವ ಮನೆಗೆ ಎಲೆಯಡಿಕೆ ಇಲ್ಲದೆ ಕಳಿಸುವವರನ್ನು ನಾನು ಅಲ್ಲೇ ಮೊದಲು ಕಂಡದ್ದು.

ಮೇಲೆ, ನೋಡುವವರ ಗ್ಯಾಲರಿಯಲ್ಲಿ, ಕಾವಲಿನ ಹೆಂಗಸೊಬ್ಬಳು ಬಂದು ಏನೇನೋ ಹೇಳಿದಳು. ಶಾವಕಾರರು ಪಿಸುಗುಟ್ಟಿದರು: "ಬಗ್ಗಿ ನೋಡಬಾರದಂತ, ಕಾಲ ಮ್ಯಾಲ ಹಾಕಬಾರದಂತ, ಮಾತಾಡಬಾರದಂತ, ಮಲಗಬಾರದಂತ."

ನೆಗೆಣ್ಣಿ ಕೆಳಗೆ ನೋಡಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯ ಮೆಂಬರರು ಗದ್ದವನ್ನು ಎದೆಗೆ ಹಚ್ಚಿ ಸುಖವಾಗಿ ನಿದ್ದೆಹೋಗಿದ್ದರು.

"ಯಕ್ಕಾ, ಮಲಗಬೇಕಂದ್ರ ಆರಿಸಿ ಬರಬೇಕ ನೋಡು" ಎಂದಳು.

ಮುಂಜಾನೆಯ ಆಟವನ್ನು ಏನಂತ ಹೇಳಲಿ. ಒಬ್ಬರು ಎದ್ದು ಪ್ರಶ್ನೆ ಕೇಳಿದರು, ಮಂತ್ರಿ ಎದ್ದು ಉತ್ತರ ಹೇಳಿದರು. ಅಷ್ಟರವರೆಗೆ ಚೆನ್ನಾಗಿತ್ತು. ಆಮೇಲೆ ಒಂದು ಬದಿಯವರೆಲ್ಲ ಒಮ್ಮೆಲೇ ಎದ್ದರು, ಇನ್ನೊಂದು ಬದಿಯವರು ಬಿಟ್ಟಾರೆಯೇ? ಚಿಕ್ಕೋಡಿ ಸಂತೆಯಲ್ಲಿ ದನದ ದಲಾಲರು ಇದಕ್ಕಿಂತ ಮೆಲ್ಲಗೆ ಮಾತಾಡುತ್ತಾರೆ. ಸಂತೆಯಲ್ಲಿ ಕೊನೆಗೊಂದು ಎತ್ತಾದರೂ ಕೈ ಬದಲಾಗುತ್ತದೆ. ಎತ್ತರದ ಕುರ್ಚಿಯಲ್ಲಿ ಕೂತವರು ಕೂಡ್ರಿ, ಕೂಡ್ರಿ ಅಂತ ಕೈ ಮಾಡುತ್ತಿದ್ದರು, ಕೊನೆಗೆ ತಾವೇ ಎದ್ದು ನಿಂತರು. ಅವರು ಎದ್ದರೆ ಉಳಿದವರು ಕೂಡಬೇಕಂತೆ. ಅತ್ತೆ ಎದ್ದರೂ ಕೂಡದ ಸೊಸೆಯಂದಿರು ಅವರು. ಸಭೆ ಎದ್ದಿತು ಅಂತ ಹೇಳಿ ಕುರ್ಚಿಯವರು ಹೊರಟೇಹೋದರು.

ನಾನು ಹೆದರಿದ್ದೆ, ಇನ್ನು ಹೊರಗೆ ಕಲ್ಲು ಹಿಡಿಯುತ್ತಾರೆ ಅಂತ. ನೋಡಿದರೆ ಬಾಗಿಲ ಹತ್ತಿರ ಆಗಷ್ಟೇ ಬೈದಾಡಿದ ಇಬ್ಬರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಚಹಾಕ್ಕೆ ಹೋಗುತ್ತಿದ್ದರು. ನಮ್ಮೂರಲ್ಲಿ ನೀರಿನ ಪಾಳಿಗೆ ಜಗಳಾಡಿದವರು ಮಕ್ಕಳ ಮದುವೆಗೂ ಕರೆಯುವುದಿಲ್ಲ. ಇವರಿಗೆ ಜಗಳಾಡಲೂ ಬರುವುದಿಲ್ಲ ಅನ್ನಿಸಿತು.

ಮಧ್ಯಾಹ್ನ ಸಾಹೇಬರು ಹೊರಗೆ ಸಿಕ್ಕರು. ನೆಗೆಣ್ಣಿ ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಂಡು ಗಿಡದ ನೆರಳಿಗೆ ಕೂತೇಬಿಟ್ಟರು.

"ಇವತ್ತ ನನ್ನ ಪಾಳಿ ಬರತೈತಿ" ಎಂದರು ತಿನ್ನುತ್ತ. "ಆದ್ರ ಸಂಜಿ ಆದೀತು."

"ಸಂಜೀನಾ?" ಎಂದರು ಶಾವಕಾರರು, ಸಣ್ಣ ದನಿಯಲ್ಲಿ.

"ಹೊತ್ತಾದ್ರ ಆಗಲಿ ಬಿಡ್ರಿ" ಎಂದೆ. "ಊರಿನ ಹೆಸರ ಒಂದ ಮರೀಬ್ಯಾಡ್ರಿ ಸಾಹೇಬ್ರ. ಬರೇ ಬೆಳಗಾವಿ ಜಿಲ್ಲಾ ಅಂದ್ರ ಗಾಡಿ ಬೆಳಗಾವ್ಯಾಗ ನಿಂತೀತು. ಅಲ್ಲಿ ಈಗೂ ನಿಂದರತೈತಿ."

ಒಳಗೆ ಬಿಡುವ ಚೀಟಿ ಹೊಸದಾಗಿ ಮಾಡಿಸಿಕೊಂಡು ಮತ್ತೆ ಮೇಲೆ ಹೋದೆವು. ಆಗ ಏನೋ ಒಂದು ಕಾಯಿದೆ ಪಾಸಾಗುವುದಿತ್ತು. ಕುರ್ಚಿಯವರು ಏನೋ ಕೇಳಿದರು. ಒಂದು ಬದಿಯವರೆಲ್ಲ ಒಟ್ಟಿಗೆ "ಹಾಂ" ಎಂದರು. ಇನ್ನೊಂದು ಸಲ ಕೇಳಿದರು, ಮತ್ತೊಂದು ಬದಿಯವರು "ನಾ" ಎಂದರು. ಹಾಂ ಅಂದವರು ಗೆದ್ದರು ಅಂತ ಶಾವಕಾರರು ಹೇಳಿದರು. ನಾನು ನೆಗೆಣ್ಣಿಯನ್ನು ಮೊಣಕೈಯಿಂದ ತಿವಿದೆ. "ನೋಡ ಬೇ, ಇಲ್ಲೂ ಹೂಂ ಅಂತಾರ. ಹೂಂ ಅನ್ನದ ಕಾಯಿದೇನೂ ಆಗೂದಿಲ್ಲ." ನನಗೆ ಮನಸ್ಸು ಹಗುರಾಯಿತು. ಮುಂಜಾನೆಯಿಂದ ಇದು ಯಾವ ಸೀಮೆಯ ಪಂಚಾಯ್ತಿಯೋ ಎಂದು ಕೂತಿದ್ದೆ. ಈಗ ನಮ್ಮದೇ ಅನ್ನಿಸಿತು.

ಆಮೇಲೆ ರೈಲಿನ ಚರ್ಚೆ ಶುರುವಾಯಿತು, ಸಭೆ ಖಾಲಿಯಾಯಿತು. ಊಟದ ಪಂಕ್ತಿ ಎದ್ದ ಮೇಲೆ ಮದುವೆ ಚಪ್ಪರ ಇರುತ್ತದಲ್ಲ, ಹಾಗೆ. ಅಲ್ಲೊಬ್ಬರು ಇಲ್ಲೊಬ್ಬರು. ಮಂತ್ರಿಗಳು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಊರಿನ ಗಾಡಿ, ತಮ್ಮ ಊರಿನ ಸೇತುವೆ ಅಂತ ಹೇಳಿ ಕೂತರು. ಹೇಳುವವರೂ ಅಷ್ಟೇ, ಪಾಪ, ಕೇಳುವವರಿಲ್ಲದ ಮನೆಯಲ್ಲಿ ಹಾಡುವಂತೆ. ಯಾರಿಗೂ ಯಾರೂ ಒಂದು ಹೂಂ ಅನ್ನಲಿಲ್ಲ. ಕಾಯಿದೆಗೆ ಅಷ್ಟು ದೊಡ್ಡದಾಗಿ ಹಾಂ ಅಂದವರಿಗೆ ಈಗ ಏನಾಗಿದೆ ಅಂತ ನನಗೆ ತಿಳಿಯಲಿಲ್ಲ.

ಶಾವಕಾರರು ಗೋಡೆಯ ಗಡಿಯಾರ ನೋಡಿದರು. "ತಂಗೀ, ಚೀಟಿ ಟೈಮ ಮುಗೀಲಾಕ ಬಂತು. ಹೊತ್ತೂ ಮುಣಗಾಕತ್ತೈತಿ. ಏಳೂಣು?"

"ಊರಿನ ಹೆಸರ ಬರೂ ತನಕಾ ಏಳಂಗಿಲ್ರಿ."

"ನನ್ನ ಊಟಾ?"

"ಕಬ್ಬ ಹಚ್ಚಿದ ಮ್ಯಾಲ ನಮ್ಮ ಊಟಾ ಯಾರ ಕೇಳತಾರ್ರಿ?"

ಅಷ್ಟರಲ್ಲಿ ನಮ್ಮ ಸಾಹೇಬರು ಎದ್ದು ನಿಂತರು.

ಊರಲ್ಲಿ ಮೈಕು ಇಲ್ಲದೆಯೂ ಹೊಳೆಯ ಆಚೆ ದಂಡೆಗೆ ಕೇಳುವಂತೆ ಮಾತಾಡುವ ಮನುಷ್ಯ. ಅಲ್ಲಿ, ಹೆಂಡತಿಯ ಹೆಸರು ಹೇಳು ಅಂದಾಗ ಹೊಸ ಮದುಮಗ ಹೇಳುತ್ತಾನಲ್ಲ, ಆ ದನಿ. ಕಾಗದ ನೋಡಿ ಇಂಗ್ಲಿಷಿನಲ್ಲಿ ಓದತೊಡಗಿದರು. ನನಗೆ ಊರಿನ ಹೆಸರುಗಳಷ್ಟೇ ತಿಳಿಯುತ್ತಿದ್ದವು. ಮಿರಜ ಬಂತು. ರಾಯಬಾಗ ಬಂತು. ಚಿಕ್ಕೋಡಿ ಬಂತು, ಉಗಾರವೂ ಬಂತು. ನಾನು ಉಸಿರು ಹಿಡಿದೆ. ಮತ್ತೆ ಬೆಳಗಾವಿಗೆ ಹೋದರು. ಪಕ್ಕದ ಮೆಂಬರರು ಆಕಳಿಸಿದರು. ಕುರ್ಚಿಯವರು ಗಂಟೆ ಹೊಡೆದರು, ಮುಗಿಸು ಅಂತ. ಸಾಹೇಬರು ಒಂದು ಸಲ ಸುತ್ತ ನೋಡಿದರು. ಯಾರೂ ಇವರತ್ತ ನೋಡುತ್ತಿರಲಿಲ್ಲ. ಮಾತು ಬಾಯಲ್ಲಿ ಒಣಗುವುದು ಅಂದರೆ ಏನೆಂದು ನನಗೆ ಗೊತ್ತಿದೆ. ಕಣ್ಣಿಗೇ ಕಾಣುತ್ತಿತ್ತು. ಅವರು ಕಾಗದ ಮಡಚಿದರು. ನಮ್ಮೂರು ಆ ಮಡಿಕೆಯೊಳಗೇ ಹೋಯಿತು.

ಮಾತಾಡಬಾರದು ಅಂತ ಹೇಳಿದ್ದರು, ಹೌದು. ಆದರೆ ಹೂಂ ಮಾತಲ್ಲ. ಮಾತಿಗೆ ಕೊಡುವ ಊರುಗೋಲು ಅದು.

"ಹೂಂ! ಮುಂದ?" ಎಂದೆ.

ತೆಲಸಂಗದ ಹೂಂ. ಆ ಮನೆ ಮೇಲೆ ಗುಮ್ಮಟದ ಹಾಗಿದೆ, ಅದು ಒಂದು ಸುತ್ತು ತಿರುಗಿ ಬಂತು. ಮಲಗಿದ್ದ ಹಿರಿಯರು ಎದ್ದು ಕೂತರು. ಮಂತ್ರಿಗಳ ಪೆನ್ನು ನಿಂತಿತು. ಕುರ್ಚಿಯವರ ಕೈ ಗಂಟೆಯ ಹತ್ತಿರ ಹಾಗೇ ಉಳಿಯಿತು.

ಸಾಹೇಬರ ತಲೆ ಸರಕ್ಕನೆ ಮೇಲೆದ್ದಿತು. ಎಷ್ಟು ವರ್ಷದ ರೂಢಿಯೋ, ಹೂಂ ಕೇಳಿದ ಕೂಡಲೇ ಕೈ ಸೊಂಟಕ್ಕೆ ಹೋಯಿತು, ಎದೆ ಮುಂದೆ ಬಂತು. "ಮುಂದ ಏನಂದ್ರ ಯವ್ವಾ" ಅಂತ ಕನ್ನಡದಲ್ಲೇ ಶುರುಮಾಡಿ, ಎಲ್ಲಿದ್ದೇನೆ ಎಂದು ನೆನಪಾಗಿ ನಾಲಗೆ ಕಚ್ಚಿಕೊಂಡು, ತಮ್ಮ ಹರಕು ಹಿಂದಿಗೆ ಹಾರಿದರು. ಇದ್ದಷ್ಟು ಮಂದಿ ನಕ್ಕರು. ನಗಲಿ. ನಕ್ಕವರು ಕೇಳುತ್ತಾರೆ. ನಮ್ಮೂರಿನ ಹೆಸರು ಬಂತು! ಹೆಂಗಸರು ಬುಟ್ಟಿ ಹೊರುವುದನ್ನು ಎರಡೂ ಕೈ ತಲೆಯ ಮೇಲಿಟ್ಟು ತೋರಿಸಿದರು. ಗಾಡಿ ಬರ್ರನೆ ಹೋಗುವುದನ್ನು ತೋರಿಸಿದರು. ಬದನೆಕಾಯಿಯ ಗಾತ್ರವನ್ನೂ ತೋರಿಸಿದರು. ಅದನ್ನು ಮಾತ್ರ ಕುಂಬಳಕಾಯಿಯಷ್ಟು ಮಾಡಿದರು, ಇರಲಿ, ಮೆಂಬರರು.

ಅಷ್ಟರಲ್ಲಿ ಕಾವಲಿನ ಹೆಂಗಸರಿಬ್ಬರು ನನ್ನ ಒಂದೊಂದು ರೆಟ್ಟೆ ಹಿಡಿದಿದ್ದರು. "ಕೇಳಿದ್ರೇನವ್ವಾ, ಅದು ನಮ್ಮೂರ" ಅಂತ ಅವರಿಗೂ ಹೇಳಿದೆ. ನೆಗೆಣ್ಣಿ ಹಿಂದಿನಿಂದ, "ಯಕ್ಕಾ, ಚಪ್ಪಲಿ!" ಅಂತ ಕೂಗುತ್ತ ನನ್ನ ಚಪ್ಪಲಿ ಹಿಡಿದು ಬಂದಳು. ದೊಡ್ಡವರ ಮನೆ ಅಂತ ನಾನು ಕುರ್ಚಿಯ ಕೆಳಗೆ ಕಳಚಿಟ್ಟಿದ್ದೆ.

ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ಹಿರಿಯಳು, ಹರಿಯಾಣದವಳಂತೆ, ಎತ್ತರದ ಗಟ್ಟಿ ಹೆಣ್ಣುಮಗಳು, ಎದುರಿಗೆ ನಿಂತಳು. ಯಾರು ಹೇಳಿಕೊಟ್ಟರು, ಯಾವ ಪಾರ್ಟಿ ಅಂತ ಕೇಳಿದಳು. ನನ್ನ ಹಿಂದಿ ಮಿರಜದ ಸಂತೆಯದು. ಅರ್ಧ ಮರಾಠಿ, ಇನ್ನರ್ಧ ಕೈ.

"ಪಾರ್ಟಿ ನಹೀ ಬಾಯಿ, ಬೈಂಗನ" ಎಂದೆ, ಪಾರ್ಟಿಯಲ್ಲ ತಾಯಿ, ಬದನೆಕಾಯಿ ಅಂತ.

ಅವಳಿಗೆ ನಗು ಬಂತು, ನುಂಗಿಕೊಂಡಳು. ನಾನು ತಿಳಿಸಿ ಹೇಳಿದೆ. ನಮ್ಮಲ್ಲಿ ಒಬ್ಬರು ಹೇಳುತ್ತಿದ್ದರೆ ಇನ್ನೊಬ್ಬರು ಹೂಂ ಅನ್ನಬೇಕು, ಇಲ್ಲದಿದ್ದರೆ ಹೇಳುವವರಿಗೆ ಅವಮಾನ, ಆ ಮನುಷ್ಯ ಅಲ್ಲಿ ಒಬ್ಬನೇ ನಿಂತಿದ್ದ, ನೀವ್ಯಾರೂ ಅನ್ನಲಿಲ್ಲ, ನಾನು ಅಂದೆ. ಅವಳು "ಹುಂಕಾರಾ" ಎಂದಳು. ಅವರ ಕಡೆಯೂ ಹಾಗೆಯೇ ಅಂತೆ. ಅವಳ ಅಜ್ಜಿ ಹುಂಕಾರಾ ಇಲ್ಲದೆ ಒಂದು ಕಥೆಯನ್ನೂ ಮುಗಿಸುತ್ತಿರಲಿಲ್ಲವಂತೆ. ಆದರೂ ಇದು ಅಜ್ಜಿಯ ಮನೆಯಲ್ಲ, ಸಂಸತ್ತು, ಅಂತ ಬೆರಳೆತ್ತಿ ಬೈದಳು. ಬೈಯುವುದು ಅವಳ ಕೆಲಸ. ಬೈಯುವಾಗ ನಾನು ನಡುನಡುವೆ ಹೂಂ ಅಂದೆ. ಆಗ ಮಾತ್ರ ಅವಳ ನಗು ನಿಲ್ಲಲಿಲ್ಲ.

ಬಾಗಿಲಲ್ಲಿ ಚಂಚಿ ಕೈಗೆ ಬಂದ ಕೂಡಲೇ ಮೊದಲು ಎಲೆ ಮಡಚಿ ಬಾಯಿಗೆ ಹಾಕಿಕೊಂಡೆ. ಶಾವಕಾರರು ಮೆಟ್ಟಿಲ ಮೇಲೆ ಕೂತಿದ್ದರು. ಹೊತ್ತು ಮುಳುಗಿ ದೀಪ ಹತ್ತಿದ್ದವು.

"ನಿನ್ನ ಒಂದ ಹೂಂಗೆ ನನ್ನ ಊಟಾ ಹೋತಲ್ಲ ತಂಗೀ" ಎಂದರು.

"ಉಪಾಸ ಪುಣ್ಯೇದ ಕೆಲಸಲ್ರಿ ಶಾವಕಾರ್ರ? ನಿಮ್ಮ ಮಂದೀನ ಹೇಳತಾರ" ಎಂದೆ.

ಸಾಹೇಬರು ಧಡಧಡ ಇಳಿದು ಬಂದರು. ಸಿಟ್ಟು ಮಾಡಿಕೊಂಡು ಬಂದಿದ್ದರು, ನಮ್ಮನ್ನು ಕಂಡ ಮೇಲೆ ಅದನ್ನು ಹಿಡಿದಿಡಲು ಆಗುತ್ತಿರಲಿಲ್ಲ.

"ಮಾನಾ ಕಳದೀ ನೋಡವ್ವಾ! ಎಲ್ಲಾ ಮಂದಿ ನನ್ನ ಹೂಂ ಸಾಹೇಬ ಅನ್ನಾಕತ್ತಾರ."

"ಊರಿನ ಹೆಸರ ತಗದ್ರೋ ಇಲ್ಲೋ?"

"ತಗದೆ."

"ಮಂತ್ರಿಗೋಳು ಏನಂದ್ರು?"

"ನೋಡೋಣ ಅಂದ್ರು."

ನೋಡೋಣ ಅನ್ನುವ ಮಾತು ನನಗೆ ಗೊತ್ತು. ನಾನು ಹೊಸ ಸೀರೆ ಕೇಳಿದಾಗಲೆಲ್ಲ ನಮ್ಮನೆಯವರು ಹೇಳುವುದು ಅದನ್ನೇ.

ಊರಿಗೆ ಬಂದೆವು. ಯುಗಾದಿ ಆಯಿತು, ಬಸವ ಜಯಂತಿ ಬಂತು, ಗಾಡಿ ನಿಲ್ಲಲಿಲ್ಲ. ನಮ್ಮನೆಯವರು ಹೊಳೆಯ ಪಟ್ಟಿಯಲ್ಲಿ ಅಡ್ಡಾಡಿ ಹೆಜ್ಜೆಯಿಂದ ಅಳೆಯತೊಡಗಿದರು. "ದಿಲ್ಲಿಯವರು ನೋಡಲಿ, ನಾ ಕಬ್ಬಿನ ಬೀಜಾ ನೋಡತೇನಿ" ಎಂದರು.

ಆಗ ಸಾಹೇಬರು ಸಾಲೆಯ ಹೊಸ ಕೋಣೆ ತೆರೆಯಲು ನಮ್ಮೂರಿಗೆ ಬರುವವರಿದ್ದರು. ಹಿಂದಿನ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾನು, ನೆಗೆಣ್ಣಿ, ಬುಟ್ಟಿ ಹೊರುವ ಉಳಿದ ಹೆಂಗಸರು ಒಂದು ಮಾತು ಮಾಡಿಕೊಂಡೆವು. ಮನೆಗೆ ಹೋಗಿ ಗಂಡಸರಿಗೂ ಹೇಳಿದೆವು, ನಾಳೆ ಸಾಹೇಬರ ಭಾಷಣಕ್ಕೆ ಯಾರು ಹೂಂ ಅಂತಾರೋ ಅವರ ರೊಟ್ಟಿ ಅವರೇ ಬಡಿದುಕೊಳ್ಳಬೇಕು ಅಂತ. ನಮ್ಮನೆಯವರಿಗೆ ಇದು ಕಷ್ಟವಾಗಲಿಲ್ಲ. ಇಷ್ಟು ವರ್ಷ ನನ್ನ ಮಾತಿಗೆ ಹೂಂ ಅಂದವರೇ ಅಲ್ಲ, ರೂಢಿ ಇತ್ತು.

ಸಾಹೇಬರು ಸಾಲೆಯ ಕಟ್ಟೆಯ ಮೇಲೆ ನಿಂತು ದೊಡ್ಡ ದನಿಯಲ್ಲಿ ಶುರುಮಾಡಿದರು. ಸಾಲೆ ಆಯ್ತು. ರಸ್ತೆ ಆಯ್ತು. ಒಂದು ಹೂಂ ಇಲ್ಲ. ನೀರಿನ ಟಾಕಿಯವರೆಗೆ ಬಂದು ನಿಂತರು. ಊರಿಗೆ ಊರೇ ಕಣ್ಣು ಬಿಟ್ಟು ಬಾಯಿ ಮುಚ್ಚಿ ಕೂತಿತ್ತು. ಒಂದು ಮಗು ಹೂಂ ಅಂದಿತು, ಅದರ ತಾಯಿ ಬಾಯಿಗೆ ಕೈ ಇಟ್ಟಳು. ಸಾಹೇಬರು ಕೆಮ್ಮಿದರು, ನೀರು ಕುಡಿದರು, ಮತ್ತೆ ರಸ್ತೆಗೆ ಹೋದರು. ದಿಲ್ಲಿಯಲ್ಲಿ ಕಾಗದ ಮಡಚುವಾಗ ಇದ್ದ ಮುಖ ಮತ್ತೆ ಬಂತು.

"ಯಾಕ್ರೆವ್ವಾ" ಎಂದರು ಕೊನೆಗೆ, "ಯಾರೂ ಹೂಂ ಅನ್ನವಲ್ರಿ?"

"ಗಾಡಿ ನಿಂದರಲಿ, ಅಂತೀವ್ರಿ" ಎಂದೆ.

ಅವರು ನನ್ನನ್ನು ನೋಡಿದರು. ಭಾಷಣ ಅಲ್ಲಿಗೇ ಬಿಟ್ಟು, ಚಹಾವನ್ನೂ ಕುಡಿಯದೆ ಜೀಪು ಹತ್ತಿದರು. "ಅತಿ ಮಾಡಿದಿ" ಎಂದರು ನಮ್ಮನೆಯವರು. ಇರಬಹುದು.

ಆಮೇಲೆ ಸಾಹೇಬರು ಯಾವ ಯಾವ ಬಾಗಿಲಿಗೆ ಹೋದರೋ, ಎಷ್ಟು ಮಂದಿಯ ತಲೆ ತಿಂದರೋ ನನಗೆ ಗೊತ್ತಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ತರುವ ಹೊತ್ತಿಗೆ ಸುದ್ದಿ ಬಂತು, ಬೆಳಗಿನ ಗಾಡಿ, ಮಧ್ಯಾಹ್ನದ ಗಾಡಿ ಎರಡೂ ಬೇವಿನ ಗಿಡದ ಹತ್ತಿರ ನಿಲ್ಲುತ್ತವೆ ಅಂತ. ನಮ್ಮನೆಯವರು ಕಬ್ಬಿನ ಬೀಜಕ್ಕೆ ಹೇಳಿದ್ದನ್ನು ಬಿಡಿಸಿಕೊಂಡು ಬಂದರು.

ಮೊದಲ ದಿನ ಸಾಹೇಬರು ಹಾರ, ನಿಶಾನೆ, ಬ್ಯಾಂಡಿನವರ ಜೊತೆ ಬಂದರು. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿದ್ದರು. ಗಾಡಿ ಕಂಡ ಕೂಡಲೇ ಭಾಷಣ ಶುರುಮಾಡಿದರು, ದಿಲ್ಲಿಯಲ್ಲಿ ತಾವು ಹೇಗೆ ಗರ್ಜಿಸಿದರು ಅಂತ. ನಾವೆಲ್ಲ ಹೂಂ, ಹೌದ್ರೀ, ಮುಂದ ಅಂತ ಹಿಂದಿನ ಬಾಕಿಯನ್ನೂ ಸೇರಿಸಿ ಅಂದೆವು. ಅವರಿಗೆ ಹುರುಪು ಬಂತು. ಆದರೆ ಗಾಡಿ ನಿಲ್ಲುವುದು ಎಲೆಗೆ ಸುಣ್ಣ ಸವರುವಷ್ಟು ಹೊತ್ತು. ಬುಟ್ಟಿ ಎತ್ತಿಕೊಂಡು ಓಡಿದೆವು.

"ಯವ್ವಾ, ಮಾತ ಇನ್ನೂ ಮುಗದಿಲ್ಲ!" ಎಂದು ಸಾಹೇಬರು ಕೂಗಿದರು.

ನಾನು ಬಾಗಿಲಿನಿಂದ ನಮ್ಮನೆಯವರಿಗೆ ಹೇಳಿದೆ: "ನೀವ ಹೂಂ ಅನಕೋತ ಕುಂದರ್ರಿ. ಹಂಗ ಬಿಟ್ಟ ಬರಬ್ಯಾಡ್ರಿ, ಅವಮಾನ ಆಗತೈತಿ."

ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಇಳಿದಾಗ ಬ್ಯಾಂಡಿನವರು ಹೋಗಿದ್ದರು, ಜೀಪು ಹೋಗಿತ್ತು. ನಮ್ಮನೆಯವರು ಒಬ್ಬರೇ ಗಿಡದ ಬೊಡ್ಡೆಗೆ ಒರಗಿ ಕೂತಿದ್ದರು.

"ಮುಗೀತೇನ್ರಿ?"

"ಈಗರ ಮುಗೀತು" ಎಂದರು. ಗಂಟಲು ಕಟ್ಟಿತ್ತು. "ಹೂಂ ಅನ್ನೂದು ಇಷ್ಟ ತ್ರಾಸ ಐತಿ ಅಂತ ಗೊತ್ತಿರಲಿಲ್ಲ ಬಿಡ."

"ರೂಢಿ ಆದ್ರ ತ್ರಾಸ ಆಗೂದಿಲ್ಲ" ಎಂದೆ. ಖಾಲಿ ಬುಟ್ಟಿಯನ್ನು ಅವರ ಕೈಗೆ ಕೊಟ್ಟು, ಮಿರಜದಲ್ಲಿ ಬದನೆಕಾಯಿ ಹೇಗೆ ಹೋದವು ಅಂತ ಹೇಳುತ್ತ ಮುಂದೆ ನಡೆದೆ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಒಂದು ಹೂಂ ಬಂತು. ಬಹಳ ಸಣ್ಣದು. ತೆಲಸಂಗದಲ್ಲಾದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.